ಅಗಿದರೆ ಫ್ರೀ, ನುಂಗಿದರೆ ಟಿಕೆಟ್

ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಬಾಗಿನ ಪಶ್ಚಿಮದ ಗೋಡೆಯ ಮೇಲೆ ಇಂಗ್ಲಿಷರು ಸೋತ ಚಿತ್ರವಿದೆ. 1780ರ ಪೊಲ್ಲಿಲೂರು ಕದನ. ಮದ್ದಿನ ಬಂಡಿ ಸಿಡಿಯುತ್ತಿದೆ, ಕೆಂಪು ಕೋಟಿನವರು ಸುತ್ತಲೂ ಸಿಕ್ಕಿಬಿದ್ದಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಯ್ಲಿ ಬೆರಳು ಕಚ್ಚಿಕೊಂಡಿದ್ದಾನೆ. ಇದನ್ನು ನೋಡಲು ಮಂಡ್ಯದವನಿಗೆ 25 ರೂಪಾಯಿ, ಬೇಯ್ಲಿಯ ನಾಡಿನವನಿಗೆ 300. ಮುತ್ತಾತ ಸೋತದ್ದನ್ನು ನೋಡಬೇಕಾದರೆ ಹನ್ನೆರಡು ಪಟ್ಟು ಕಕ್ಕಲಿ ಎನ್ನುವುದರಲ್ಲಿ ಒಂದು ನ್ಯಾಯವಿದೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಅದೇ ಊರಿನ ಕೋಟೆಯೊಳಗೆ, ಅದೇ ಕರ್ನಲ್ಲನ ಹೆಸರು ಹೊತ್ತ ಸೆರೆಮನೆಯಿದೆ. ಅಲ್ಲಿ ಟಿಕೆಟ್ಟೇ ಇಲ್ಲ. ಸೋಲು ನೋಡಲು ದುಡ್ಡು, ಸೆರೆ ನೋಡಲು ಪುಕ್ಕಟೆ. ಅತ್ತ ಲಂಡನ್ನಿನವರು ಇಲ್ಲಿಂದ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿಯನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿಟ್ಟು, ಯಾವ ದೇಶದವನು ಬಂದರೂ ಬಿಟ್ಟಿಯಾಗಿ ತೋರಿಸುತ್ತಾರೆ. ಕದ್ದ ಮಾಲಿಗೆ ಟಿಕೆಟ್ ಇಡಲು ಅವರಿಗೆ ನಾಚಿಕೆ ಇರಬಹುದು.

ಮೈಸೂರು ಅರಮನೆಗೆ ಬನ್ನಿ. ಅದು ದರಿಯಾ ದೌಲತ್ತಿನ ಹಾಗೆ ಕೇಂದ್ರದ ಪುರಾತತ್ವ ಇಲಾಖೆಯದಲ್ಲ, ರಾಜ್ಯ ಸರ್ಕಾರದ ಅರಮನೆ ಮಂಡಳಿಯದು. ವಿದೇಶಿಯರಿಗೆ 100 ರೂಪಾಯಿ ಇದ್ದದ್ದನ್ನು 2024ರ ಅಕ್ಟೋಬರಿನಲ್ಲಿ ಒಂದೇ ಏಟಿಗೆ 1,000 ಮಾಡಿದರು. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ ಹೊಸದಕ್ಕೆ ನಕ್ಷೆ ಬರೆದ ಹೆನ್ರಿ ಇರ್ವಿನ್ ಇವತ್ತೇನಾದರೂ ಎದ್ದು ಬಂದರೆ, ತನ್ನ ಕೈಯಲ್ಲೇ ಆದ ಕಟ್ಟಡದೊಳಗೆ ಕಾಲಿಡಲು ಸಾವಿರ ರೂಪಾಯಿ ಎಣಿಸಬೇಕು, ಚಪ್ಪಲಿಯನ್ನೂ ಹೊರಗೆ ಬಿಡಬೇಕು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಆ ಕಂಬಗಳು ನೂರು ವರ್ಷದಿಂದ ಪುಗಸಟ್ಟೆ ಒಳಗೇ ನಿಂತಿವೆ. ಅದೇ ಊರಿನಿಂದ ಬಂದ ಮನುಷ್ಯ ಮಾತ್ರ ಒಂದು ಗಂಟೆ ನಿಲ್ಲಲು ಸಾವಿರ ಕೊಡಬೇಕು. ಭಾನುವಾರ ಸಂಜೆ ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಮಾತ್ರ ಯಾರೂ ಯಾರ ಪಾಸ್‌ಪೋರ್ಟನ್ನೂ ಕೇಳುವುದಿಲ್ಲ.

ಎಲ್ಲಕ್ಕಿಂತ ಮಜಾ ಸೋಮನಾಥಪುರದ್ದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಟ್ಟಿಗೆ, ಒಂದೇ ಹೆಸರಿನಡಿ, ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬೇಲೂರಿನಲ್ಲಿ ಪ್ರವೇಶಕ್ಕೆ ಟಿಕೆಟ್ ಇಲ್ಲ. ಹಳೇಬೀಡಿನ ಗುಡಿಗೂ ಇಲ್ಲ. ಅಲ್ಲಿ ಪೂಜೆ ನಡೆಯುತ್ತದೆ, ಭಕ್ತರನ್ನು ಬಾಗಿಲಲ್ಲಿ ತಡೆದು ದುಡ್ಡು ಕೇಳುವಂತಿಲ್ಲ. ಸೋಮನಾಥಪುರದಲ್ಲಿ ಹದಿಮೂರನೇ ಶತಮಾನದ ಕೇಶವನ ಮೂಲ ಮೂರ್ತಿಯೇ ಇಲ್ಲ, ಪೂಜೆಯೂ ಇಲ್ಲ, ಆದ್ದರಿಂದ ಟಿಕೆಟ್ ಇದೆ. ದೇವರು ಇದ್ದಲ್ಲಿ ಫ್ರೀ, ದೇವರು ಕಾಣೆಯಾದಲ್ಲಿ ಶುಲ್ಕ. ಜಪಾನಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಲು ಗೈಡುಗಳು ಪಡುವ ಪಾಡು ಆ ದೇವರಿಗೇ ಪ್ರೀತಿ.

ಈ ಎಲ್ಲ ಗೋಜಲಿಗೂ ನಮ್ಮ ಹತ್ತಿರ ಒಂದು ಮದ್ದಿದೆ. ವಿದೇಶಿಯರಿಗೆ ಎಲ್ಲ ಕಡೆಯೂ ಉಚಿತ ಮಾಡಿಬಿಡಿ. ‘ಅತಿಥಿ ದೇವೋ ಭವ’ ಎಂದು ಬೋರ್ಡು ಬರೆಸಿದವರು ದೇವರಿಗೇ ಟಿಕೆಟ್ ಹರಿಯುವುದು ಚೆನ್ನಾಗಿರುವುದಿಲ್ಲ. ಎಲ್ಲರಿಗೂ ಉಚಿತ ಮಾಡಬಾರದೇ ಎಂದು ಕೇಳುವವರಿದ್ದಾರೆ. 2022ರ ಆಗಸ್ಟ್ 5ರಿಂದ 15ರವರೆಗೆ ಪುರಾತತ್ವ ಇಲಾಖೆ ಹಾಗೆ ಮಾಡಿಯೂ ಇತ್ತು. ಆದರೆ ಎಲ್ಲರಿಗೂ ಉಚಿತ ಅಂದಮೇಲೆ ಕೌಂಟರೇ ಬೇಡ. ಕೌಂಟರ್ ಇಲ್ಲದಿದ್ದರೆ ಕ್ಯೂ ಇಲ್ಲ, ಕ್ಯೂ ಇಲ್ಲದಿದ್ದರೆ ಒಳಗೆ ನೋಡುವಂಥದ್ದು ಏನೋ ಇದೆ ಅಂತ ನಮ್ಮ ಜನರಿಗೆ ಅನ್ನಿಸುವುದೇ ಇಲ್ಲ. ಹಾಗಾಗಿ ಉಚಿತ ವಿದೇಶಿಯರಿಗೆ ಮಾತ್ರ.

ತೊಡಕು ಶುರುವಾಗುವುದು ವಿದೇಶಿ ಯಾರು ಎಂಬಲ್ಲಿ. ಈಗಿರುವ ನಿಯಮವನ್ನೇ ನೋಡಿ. ದಕ್ಷಿಣ ಏಷ್ಯಾದ ಒಕ್ಕೂಟವಾದ ಸಾರ್ಕ್ ಮತ್ತು ಬಂಗಾಳಕೊಲ್ಲಿ ಸುತ್ತಲಿನ ಒಕ್ಕೂಟವಾದ ಬಿಮ್‌ಸ್ಟೆಕ್ ದೇಶದವರಿಗೆ ಭಾರತೀಯರ ದರವೇ. ಅಂದರೆ ಥಾಯ್ಲೆಂಡಿನವನು ದರಿಯಾ ದೌಲತ್ತಿನ ಕೌಂಟರಿನಲ್ಲಿ 25 ರೂಪಾಯಿಯ ಭಾರತೀಯ, ಪಕ್ಕದ ಮಲೇಶಿಯಾದವನು 300 ರೂಪಾಯಿಯ ವಿದೇಶಿ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದವರಿಗೂ ನಮ್ಮ ದರವೇ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಯಾವ ದೇಶವಾದರೂ ಟಿಕೆಟ್ ಇಲ್ಲ. ಆನ್‌ಲೈನಿನಲ್ಲಿ ಕಟ್ಟಿದರೆ ಭಾರತೀಯನಿಗೆ 5 ರೂಪಾಯಿ ಉಳಿತಾಯ, ವಿದೇಶಿಗೆ 50. ಹೆಸರು, ವಯಸ್ಸು, ದೇಶ, ಗುರುತಿನ ಚೀಟಿಯ ನಂಬರು ಎಲ್ಲ ತುಂಬಿಸಿ, ನೆಟ್‌ವರ್ಕ್ ಬರುವವರೆಗೆ ಫೋನು ಮೇಲೆತ್ತಿ ನಿಂತವನಿಗೆ ಆ 50 ರೂಪಾಯಿ ಕೂಲಿಯೆಂದು ತಿಳಿಯತಕ್ಕದ್ದು.

ನಮ್ಮ ಯೋಜನೆ ಜಾರಿಗೆ ಬಂದ ಮರುದಿನವೇ ಇದೆಲ್ಲ ತಲೆಕೆಳಗಾಗುತ್ತದೆ. ಇಷ್ಟು ದಿನ 25ರ ಸಾಲಿನಲ್ಲಿ ಸುಖವಾಗಿದ್ದ ಥಾಯ್ಲೆಂಡಿನವನು, ತಾನು ಅಪ್ಪಟ ವಿದೇಶಿ, ಬ್ಯಾಂಕಾಕಿನಲ್ಲೇ ಹುಟ್ಟಿದ್ದು ಎಂದು ವಾದಕ್ಕೆ ನಿಲ್ಲುತ್ತಾನೆ. ಕುವೆಂಪುನಗರದ ಮನೆಗೆ ರಜೆಗೆ ಬಂದ ನ್ಯೂಜೆರ್ಸಿಯ ಮಗ, ಅಪ್ಪ ಅಮ್ಮನಿಗೆ 25ರಂತೆ ಎರಡು ಟಿಕೆಟ್ ತೆಗೆದು, ತನ್ನ ಒಸಿಐ ಕಾರ್ಡನ್ನು ಪರ್ಸಿನ ಒಳಖಾನೆಗೆ ತಳ್ಳಿ ಅಮೆರಿಕದ ಪಾಸ್‌ಪೋರ್ಟ್ ಹೊರತೆಗೆಯುತ್ತಾನೆ. ಮಣಿಪುರ, ಮಿಜೋರಾಂನಿಂದ ಮೈಸೂರಿಗೆ ಓದಲು ಬಂದ ಮಕ್ಕಳು ಆಧಾರ್ ತೋರಿಸುವ ಮೊದಲೇ ಕೌಂಟರಿನವರು ‘ವೆಲ್‌ಕಂ’ ಎಂದು ಕೈ ಮುಗಿದು ಒಳಗೆ ಬಿಡುತ್ತಾರೆ. ಮುಖ ನೋಡಿ ದೇಶ ನಿರ್ಧರಿಸುವ ಚಟದಿಂದ ಆ ಮಕ್ಕಳಿಗೆ ಮೊದಲ ಸಲ ಲಾಭವಾಗುತ್ತದೆ. 1961ರಿಂದ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರ ಮೊಮ್ಮಗ ಅಚ್ಚ ಪಿರಿಯಾಪಟ್ಟಣದ ಕನ್ನಡದಲ್ಲಿ ‘ಎಷ್ಟ್ ಕೊಡ್ಬೇಕು ಸಾರ್?’ ಎಂದು ಕೇಳಿದರೆ ಕೌಂಟರಿನವನು ಕಿಟಕಿ ಮುಚ್ಚಿ ಊಟಕ್ಕೆ ಹೋಗುವುದೇ ಕ್ಷೇಮ.

ಇನ್ನು ನಮ್ಮವರು. ಬಿಟ್ಟಿ ಅಂದರೆ ಬಿಡುವ ಜನವೇ? ಪಾಂಡವಪುರದ ಹುಡುಗರು ಅರ್ಧ ಚಡ್ಡಿ, ಬೆನ್ನಿಗೆ ದೊಡ್ಡ ಬ್ಯಾಗು, ಕೈಯಲ್ಲಿ ಲೀಟರಿನ ನೀರಿನ ಬಾಟಲಿ ಹಿಡಿದು ಬರುತ್ತಾರೆ.

‘ಯಾವ್ ದೇಸ ಆಯ್ತು ಸಾ ನಿಮ್ದು?’

‘ಉಗಾಂಡ.’

‘ಉಗಾಂಡದಲ್ಲಿ ಯಾವೂರ್ಲಾ?’

‘ಅಲ್ಲೇ ಚಿನಕುರಳಿ ಪಕ್ಕ, ಬುಡಣ್ಣೋ.’

ಹಾಗಾಗಿ ಪಾಸ್‌ಪೋರ್ಟು, ಆಧಾರು, ಬಣ್ಣ, ಬಟ್ಟೆ ಯಾವುದನ್ನೂ ನಂಬದ ಒಂದು ಪರೀಕ್ಷೆ ಬೇಕು. ಅದಕ್ಕೆ ಹೊರಗಿನಿಂದ ತಜ್ಞರನ್ನು ಕರೆಸಬೇಕಿಲ್ಲ, ರಾಗಿಮುದ್ದೆ ಸಾಕು. ಕೌಂಟರಿನ ಪಕ್ಕ ಒಂದು ಬೆಂಚು, ಎಲೆ, ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆ, ಒಂದು ಸೌಟು ಸಾರು. ಮುದ್ದೆ ಅಗಿದವನು ವಿದೇಶಿ, ಒಳಗೆ ಬಿಡಿ. ಸಾರಿನಲ್ಲಿ ಅದ್ದಿ ಗುಳಕ್ಕನೆ ನುಂಗಿದವನು ನಮ್ಮವನು, 25 ರೂಪಾಯಿ ವಸೂಲಿ ಮಾಡಿ.

ಜಾರಿಗೊಳಿಸುವಾಗ ಮುದ್ದೆಯ ಗುಣಮಟ್ಟದಲ್ಲಿ ರಾಜಿ ಕೂಡದು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಚಿಟಿಕೆ ಉಪ್ಪು. ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಕುದಿ ಬರಿಸಿ, ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೈ ಆಡಿಸದೆ, ಕೋಲಿನಿಂದ ನಡುವೆ ತೂತು ಮಾಡಿ ಬೇಯಲು ಬಿಡಬೇಕು. ಬೆಂದ ಮೇಲೆ ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಕೋಲಿನಲ್ಲಿ ತಿರುವಬೇಕು. ಸುರಿದ ತಕ್ಷಣ ತಿರುವಿದರೆ ಹಿಟ್ಟು ಗಂಟಾಗುತ್ತದೆ. ಗಂಟು ಬಾಯಿಗೆ ಸಿಕ್ಕರೆ ಮದ್ದೂರಿನ ಗೌಡರೂ ಒಂದು ಸಲ ಅಗಿಯುತ್ತಾರೆ, ಅಗಿದ ಕೂಡಲೇ ದಾಖಲೆಯಲ್ಲಿ ವಿದೇಶಿಯಾಗುತ್ತಾರೆ. ದಿನಕ್ಕೆ ಇಂಥ ಹತ್ತು ಪ್ರಕರಣ ಆದರೂ ಸಾಕು, ಲೆಕ್ಕಪರಿಶೋಧಕರು ಬಂದು ಕೂರುತ್ತಾರೆ. ನೀರು ಹೆಚ್ಚಾಗಿ ಮುದ್ದೆ ಸಡಿಲಾದರೆ ಇನ್ನೂ ಅಪಾಯ. ಜರ್ಮನಿಯವಳೂ ತಾನಾಗಿ ನುಂಗಿಬಿಡುತ್ತಾಳೆ.

ಪರೀಕ್ಷೆಯಲ್ಲಿ ಎರಡು ದೋಷ ಉಳಿಯುತ್ತವೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಕ್ಕಳು. ಅವರು ಅಗಿಯುವುದಷ್ಟೇ ಅಲ್ಲ, ಚಮಚ ಕೇಳುತ್ತಾರೆ. ಚಮಚ ಕೇಳಿದವರಿಗೆ ಅರಮನೆಯನ್ನು ಕುದುರೆ ಟಾಂಗಾದಲ್ಲಿ ಕೂರಿಸಿ ತೋರಿಸಬೇಕಾದೀತು. ಎರಡು, ಯೋಗ ಕಲಿಯಲು ಬಂದು ಮೈಸೂರಿನ ಗೋಕುಲಂನಲ್ಲಿ ಉಳಿದ ವಿದೇಶಿಯರು. ತಿಂಗಳುಗಟ್ಟಲೆ ಬಾಡಿಗೆ ಮನೆಯಲ್ಲಿದ್ದು, ಎಳನೀರಿನವನ ಹತ್ತಿರ ‘ಜಾಸ್ತಿ ಆಯ್ತು ಅಣ್ಣ’ ಎಂದು ಚೌಕಾಸಿ ಮಾಡುವಷ್ಟು ಪಳಗಿದವರು. ಉಸಿರು ಹಿಡಿದು ಇಡೀ ಮುದ್ದೆ ನುಂಗುತ್ತಾರೆ. ಅವರಿಂದ 25 ವಸೂಲಿ ಮಾಡಿ, ಒಂದು ರೇಷನ್ ಕಾರ್ಡಿನ ಅರ್ಜಿಯನ್ನೂ ಕೊಟ್ಟು ಕಳಿಸುವುದು ಉತ್ತಮ.

ಬೊಕ್ಕಸಕ್ಕೆ ನಷ್ಟವಲ್ಲವೇ ಎಂದು ಹೆದರುವವರು ಮೈಸೂರಿನ ರಸ್ತೆಯನ್ನು ಒಮ್ಮೆ ನೋಡಬೇಕು. ಗೇಟಿನಲ್ಲಿ ಬಿಟ್ಟದ್ದು ಗೇಟಿನಾಚೆ ಹುಟ್ಟುತ್ತದೆ. ‘ಅರಮನೆ ಇವತ್ತು ಹನ್ನೆರಡಕ್ಕೆ ತೆಗೆಯೋದು ಮೇಡಂ, ಅಲ್ಲೀವರೆಗೆ ಸ್ಪೆಷಲ್ ಮಾರ್ಕೆಟ್ ತೋರಿಸ್ತೀನಿ’ ಎಂಬ ಆಟೋದವನ ಒಂದೇ ಮಾತಿಗೆ ಎಣ್ಣೆ ಅಂಗಡಿ, ಊದುಬತ್ತಿ ಅಂಗಡಿ, ರೇಷ್ಮೆ ಅಂಗಡಿ ಮೂರರಲ್ಲೂ ಕಮಿಷನ್ ಓಡುತ್ತದೆ. ಅರಮನೆ ದಿನಾ ಹತ್ತಕ್ಕೇ ತೆಗೆಯುತ್ತದೆ. ಪಾಪ, ಆ ಮೇಡಮ್ಮಿಗೆ ಅದು ತಿಳಿಯುವ ಹೊತ್ತಿಗೆ ಕೈಯಲ್ಲಿ ಎರಡು ಬಾಟಲಿ ‘ಅಸಲಿ’ ಗಂಧದೆಣ್ಣೆ. ರಸ್ತೆಯ ಈ ದರಪಟ್ಟಿಯಲ್ಲಿ ಸಾರ್ಕ್, ಬಿಮ್‌ಸ್ಟೆಕ್ ಎಂಬ ರಿಯಾಯಿತಿಯೂ ಇಲ್ಲ, ಆನ್‌ಲೈನ್ ವಿನಾಯಿತಿಯೂ ಇಲ್ಲ.

ಇಷ್ಟಾಗಿಯೂ ಯೋಜನೆ ಸದ್ಯಕ್ಕೆ ಜಾರಿಯಾಗುವ ಲಕ್ಷಣ ಕಾಣುತ್ತಿಲ್ಲ. ಮುದ್ದೆಯ ಬಗ್ಗೆ ಯಾರ ತಕರಾರೂ ಇಲ್ಲ, ಕಡತ ನಿಂತಿರುವುದು ಸಾರಿನಲ್ಲಿ. ಉಪ್ಸಾರೇ ಆಗಬೇಕು, ಖಾರ ಬೇರೆಯಾಗಿ ಬಡಿಸಬೇಕು ಎಂದು ಮಂಡ್ಯದವರು ಪಟ್ಟು ಹಿಡಿದಿದ್ದಾರೆ. ಬಸ್ಸಾರು ಇಲ್ಲದಿದ್ದರೆ ಸಹಿ ಇಲ್ಲ ಎಂದು ಮೈಸೂರಿನವರು. ಎರಡೂ ಇರಲಿ ಎಂದ ಒಬ್ಬ ಅಧಿಕಾರಿಗೆ ಬೀದರಿಗೆ ವರ್ಗವಾಗಿದೆ.