ಮೂಲೆಯಲ್ಲಿ ನಿಂತವರ ಶಾಪ

ಗ್ರೂಪ್ ಫೋಟೋದಲ್ಲಿ ನಡುವೆ ಯಾರು ನಿಲ್ತಾರೆ ಅಂತ ಹೇಳಬೇಕಾಗಿಲ್ಲ. ಸಾಲಿನ ತುದಿಗೆ ಬೀಳುವವರೇ ಬೇರೆ ಥರದವರು. "ಬನ್ನಿ, ಬನ್ನಿ" ಅಂತ ನಾಲ್ಕಾರು ಸಲ ಕರೆಸಿಕೊಂಡು, "ಇರ್ಲಿ ಬಿಡಿ, ನಾವೆಲ್ಲ ಯಾಕೆ" ಅಂದು, ಕೊನೆಗೆ ಬಂದು ಅಂಚಿನಲ್ಲಿ ನಿಲ್ಲುವವರು. ಇಂಥವರಿಗೆ ನೆನಪಿನ ಶಕ್ತಿ ಜಾಸ್ತಿ. ಫೋಟೋ ತೆಗೆಯುವವನು ಯಾರ ಮುಖ ಬಿಟ್ಟರೂ ಇವರ ಮುಖ ಬಿಡಬಾರದು. ಆದರೆ ಲೆನ್ಸಿನ ಮುಂದೆ ಒಂದು ರಿಂಗು ಹೆಚ್ಚಾದರೂ ಸಾಕು, ಮೊದಲು ಕತ್ತಲಾಗುವುದು ಇವರು ನಿಂತ ಮೂಲೆಗಳೇ. ತಿಳಿದವರು ಇದನ್ನು ವಿಗ್ನೆಟಿಂಗ್ ಅಂತಾರೆ. ನಮ್ಮ ಮನೆಯಲ್ಲಿ "ತಿಪಟೂರಿನ ದೊಡ್ಡಪ್ಪನ ಗ್ರಹಣ" ಅಂತಾರೆ.

ಗ್ರಹಣ ಹಿಡಿಸಿದವರು ನಮ್ಮ ಚಿಕ್ಕಪ್ಪ. ಅವರ ಹತ್ತಿರ ಫಿಲಂ ಹಾಕುವ ಕ್ಯಾಮೆರಾ, ನಿಕಾನ್ ಎಫ್‌ಎಂ2 ಇತ್ತು. ಜೊತೆಗೆ ಒಂದು 50 ಎಂಎಂ, ಒಂದು 28 ಎಂಎಂ ಲೆನ್ಸ್. ಎರಡಕ್ಕೂ ಮುಂದೆ ಫಿಲ್ಟರ್ ತಿರುಗಿಸಿ ಕೂರಿಸುವ ಬಾಯಿಯ ಅಳತೆ 52 ಎಂಎಂ. ಎಡವಟ್ಟೆಲ್ಲ ಶುರುವಾಗುವುದು ಇಲ್ಲೇ. 50ರ ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು 46 ಡಿಗ್ರಿ ನೋಡುತ್ತದೆ, 28ರದ್ದು 74. 50ಕ್ಕೆ ಅಂತ ಮಾಡಿದ ಉದ್ದನೆಯ ಹುಡ್ಡು (ಅಡ್ಡ ಬಿಸಿಲು ತಡೆಯಲು ಲೆನ್ಸಿನ ಮುಂದೆ ಹಾಕುವ ಕೊಳವೆ) 28ಕ್ಕೂ ಸಲೀಸಾಗಿ ತಿರುಗಿ ಕೂರುತ್ತದೆ. ಥ್ರೆಡ್ಡಿಗೆ ಡಿಗ್ರಿ ಲೆಕ್ಕ ಗೊತ್ತಿಲ್ಲವಲ್ಲ.

ಲೆನ್ಸ್ ಕೊಂಡ ದಿನವೇ ಧೂಳು ತಾಗದಿರಲಿ ಅಂತ ಯುವಿ ಫಿಲ್ಟರ್ ಅನ್ನೋ ಗಾಜು ಹಾಕಿದವರು ಚಿಕ್ಕಪ್ಪ. ಆಮೇಲೆ ತೆಗೆದದ್ದೇ ಇಲ್ಲ. ಹೊಸ ಸೋಫಾದ ಪ್ಲಾಸ್ಟಿಕ್ ಕವರ್ ಬಿಚ್ಚದೆ ಹತ್ತು ವರ್ಷ ಅದರ ಮೇಲೇ ಕೂರುವವರು ಇರ್ತಾರಲ್ಲ, ಹಾಗೆ. ಧೂಳಿನ ಊರಲ್ಲಿ ಯುವಿ ಇರಲಿ, ನನ್ನ ತಕರಾರಿಲ್ಲ. ಅದರ ಮೇಲೆ ಇನ್ನೊಂದು ಹಾಕಬೇಡಿ ಅನ್ನೋದಷ್ಟೇ ನನ್ನ ವಾದ.

ಗೃಹಪ್ರವೇಶದ ದಿನ ಎಲ್ಲರನ್ನೂ ಮನೆ ಮುಂದೆ ನಿಲ್ಲಿಸಿದರು. ರಸ್ತೆ ಕಿರಿದು, ಚಿಕ್ಕಪ್ಪನ ಹಿಂದೆ ಚರಂಡಿ. ಹಿಂದೆ ಸರಿಯುವ ಹಾಗಿಲ್ಲ, ಹಾಗಾಗಿ 28 ಹಾಕಿದರು. ಅಲ್ಲಿಯವರೆಗೆ ಸರಿ. ಆಕಾಶ ನೀಲಿಯಾಗಿ ಬರಲಿ ಅಂತ ಯುವಿ ಮೇಲೆ ಪೋಲರೈಜರ್ ಅನ್ನೋ ಇನ್ನೊಂದು ಫಿಲ್ಟರ್ ಕೂರಿಸಿದರು. ಪೋಲರೈಜರ್‌ಗೆ ಎರಡು ರಿಂಗು, ಒಂದು ಲೆನ್ಸಿಗೆ ಕಚ್ಚಿಕೊಳ್ಳಲು, ಇನ್ನೊಂದು ತಿರುಗಲು. ಸಾಮಾನ್ಯ ಫಿಲ್ಟರ್‌ಗಿಂತ ದಪ್ಪ. ಬಿಸಿಲು ಅಡ್ಡ ಹೊಡೆಯುತ್ತಿದೆ ಅಂತ ಅದರ ಮೇಲೆ ಹುಡ್ಡು, ಅದೂ 50ರದ್ದೇ. ಮನೆಗೆ ಎರಡು ಅಂತಸ್ತು, ಲೆನ್ಸಿಗೆ ಮೂರು.

ಹಾಗಾದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಕಾಣಲಿಲ್ಲವೇ? ಅಷ್ಟಾಗಿ ಕಾಣಲಿಲ್ಲ. ಎಫ್‌ಎಂ2 ತೋರಿಸುವುದು ಫ್ರೇಮಿನ ನೂರಕ್ಕೆ 93 ಭಾಗ. ಬಚ್ಚಿಡುವುದು ಅಂಚನ್ನೇ. (ರಷ್ಯಾದ ಝೆನಿತ್-ಇ ಇನ್ನೂ ಧಾರಾಳಿ. 24x36 ಎಂಎಂ ಫಿಲಂನಲ್ಲಿ ಬರೀ 20x28 ತೋರಿಸಿ ಮಿಕ್ಕದ್ದು ನಿಮ್ಮ ಅದೃಷ್ಟ ಅನ್ನುತ್ತದೆ.) ಇದರ ಜೊತೆಗೆ ನಾವು ನೋಡುವಾಗ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ತೂತು, ಪೂರ್ತಿ ತೆರೆದಿರುತ್ತದೆ. ಆಗ ಬೆಳಕು ರಿಂಗಿನ ಪಕ್ಕದಿಂದ ಹೇಗೋ ನುಸುಳಿ ಬರುತ್ತದೆ. ಮೂಲೆ ಸ್ವಲ್ಪ ಮಂಕು, ಅಷ್ಟೆ. ಕ್ಲಿಕ್ ಮಾಡಿದ ಕ್ಷಣ ಅಪರ್ಚರ್ ಎಫ್ 11ಕ್ಕೆ ಕಿರಿದಾಗುತ್ತದೆ, ನುಸುಳಲು ದಾರಿಯಿಲ್ಲ. ಮಂಕಾಗಿದ್ದದ್ದು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಪ್ಪಾಗುತ್ತದೆ. ಬಿಳಿ ಆಕಾಶದ ಕಡೆ ಹಿಡಿದು, ಫೋಕಸ್ ತೀರಾ ದೂರಕ್ಕೆ, ಇನ್ಫಿನಿಟಿಗೆ ತಿರುಗಿಸಿ, ಕ್ಲಿಕ್ ಮಾಡುವ ಮೊದಲೇ ಅಪರ್ಚರ್ ಕಿರಿದು ಮಾಡಿ ತೋರಿಸುವ ಪ್ರಿವ್ಯೂ ಲಿವರ್ ಒತ್ತಿ ನೋಡಿದ್ದರೆ ಅರ್ಧ ಕಥೆಯಾದರೂ ಗೊತ್ತಾಗುತ್ತಿತ್ತು. ಆ ಲಿವರ್ ಇರುವುದು ಯಾಕೆ ಅಂತ ಚಿಕ್ಕಪ್ಪನನ್ನು ಕೇಳಿದ್ದೆ. "ಅದು ಪ್ರೊಫೆಶನಲ್‌ಗಳಿಗೆ" ಅಂದಿದ್ದರು.

ಲ್ಯಾಬಿನಿಂದ ಬಂದ ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟುಗಳೂ ಗುಟ್ಟು ಬಿಡಲಿಲ್ಲ. ಪ್ರಿಂಟ್ ಹಾಕುವಾಗ ಸುತ್ತ ಸ್ವಲ್ಪ ಅಂಚು ಹೋಗುತ್ತದೆ, ಹಾಗಾಗಿ ಮೂಲೆಯಲ್ಲಿ ಏನೋ ನೆರಳು ಬಿದ್ದ ಹಾಗಿತ್ತು. ಚಿಕ್ಕಮ್ಮ ಹಾಲಿಗೆ ಹಾಕಲು ದೊಡ್ಡದೊಂದು ಮಾಡಿಸಿದರು, ಪೂರ್ತಿ ನೆಗೆಟಿವ್ ಬರುವ ಹಾಗೆ. ಅಲ್ಲಿ ಎಲ್ಲ ಬಯಲಾಯಿತು. ಹಿಂದಿನ ಸಾಲಿನ ತುದಿಯಲ್ಲಿ ಎತ್ತರದ ದೊಡ್ಡಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಕ್ಯಾಪಿನ ಕ್ಲಿಪ್ಪೂ ಮಿಂಚುತ್ತಿದೆ. ಕಾಲರ್‌ವರೆಗೆ ಮನುಷ್ಯ, ಅದರಾಚೆ ಅಮಾವಾಸ್ಯೆ.

ದೊಡ್ಡಪ್ಪ ಫೋಟೋ ಮುಂದೆ ತುಂಬಾ ಹೊತ್ತು ನಿಂತರು. ಕಾಫಿ ತಣ್ಣಗಾಯಿತು.

"ಜೇಬು ಚೆನ್ನಾಗಿ ಬಂದಿದೆ" ಅಂದರು.

"ಭಾವ, 8x10 ಸೈಜಿಗೆ ಮಾಡಿಸಿದರೆ ಆ ಕಪ್ಪು ಮೂಲೆ ಹೋಗಿಬಿಡುತ್ತೆ" ಅಂತ ಚಿಕ್ಕಪ್ಪ ಸಮಾಧಾನ ಹೇಳಲು ಹೋದರು. ಮಾತು ನಿಜವೇ. 8x10ರ ಆಕಾರಕ್ಕೆ ನೆಗೆಟಿವಿನ 36 ಎಂಎಂ ಉದ್ದದಲ್ಲಿ 30 ಮಾತ್ರ ಸಾಕು, ಎರಡೂ ಪಕ್ಕದಲ್ಲಿ ಮೂರು ಮೂರು ಎಂಎಂ ಹೋಗುತ್ತದೆ. ಆ ಮೂರು ಎಂಎಂನಲ್ಲೇ ದೊಡ್ಡಪ್ಪ ನಿಂತಿದ್ದರು ಅನ್ನೋದು ಚಿಕ್ಕಪ್ಪನಿಗೆ ಹೊಳೆದದ್ದು ಮಾತು ಬಾಯಿಂದ ಹೊರಬಿದ್ದ ಮೇಲೆ.

ಅವತ್ತೇ ರಾತ್ರಿ ಫಿಲ್ಟರ್ ಬಿಚ್ಚುವ ಕಾರ್ಯಕ್ರಮ. ಹುಡ್ಡು ಬಂತು. ಪೋಲರೈಜರ್ ಬರಲಿಲ್ಲ. ಕೈಗೆ ಸಿಗುವುದು ಅದರ ಮುಂದಿನ ರಿಂಗು, ಅದು ಇರುವುದೇ ತಿರುಗುವುದಕ್ಕೆ. ಎಷ್ಟು ತಿರುಗಿಸಿದರೂ ಸಂತೋಷವಾಗಿ ತಿರುಗುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ಚಿಕ್ಕಪ್ಪ ಕಾಲು ಗಂಟೆ ತಿರುಗಿಸಿದರು. ಕೊನೆಗೆ ಚಿಕ್ಕಮ್ಮ ಅಡುಗೆಮನೆಯಿಂದ ಅಗಲದ ರಬ್ಬರ್ ಬ್ಯಾಂಡ್ ತಂದು, ಹಿಂದಿನ ತೆಳು ರಿಂಗಿಗೆ ಸುತ್ತಿ, ಹಿಂಡದೆ ಮೆತ್ತಗೆ ಹಿಡಿದು ತಿರುಗಿಸಿದರು. ಬಂತು. ಜೋರಾಗಿ ಹಿಂಡಿದಷ್ಟೂ ರಿಂಗು ಸೊಟ್ಟಗಾಗಿ ಇನ್ನೂ ಕಚ್ಚಿಕೊಳ್ಳುತ್ತದೆ ಅಂತ ಉಪ್ಪಿನಕಾಯಿ ಬಾಟಲಿ ತೆಗೆಯುವವರಿಗೆ ಗೊತ್ತು, ಕ್ಯಾಮೆರಾದವರಿಗೆ ಗೊತ್ತಿಲ್ಲ.

ಆಮೇಲೆ ಚಿಕ್ಕಪ್ಪ ಪಂಡಿತರಾದರು. 52ರಿಂದ 62ಕ್ಕೆ ಏರಿಸುವ ಸ್ಟೆಪ್-ಅಪ್ ರಿಂಗು ತಂದು ದೊಡ್ಡ ಫಿಲ್ಟರ್ ಹಾಕಿದರು. ಮೂಲೆ ಬೆಳಗಿತು, ಆದರೆ ಇದ್ದ ಹುಡ್ಡು ಯಾವುದೂ ಹಿಡಿಸಲಿಲ್ಲ. ತೆಳು ಫಿಲ್ಟರ್ ತಂದರು. ಅದಕ್ಕೆ ಮುಂದೆ ಥ್ರೆಡ್ಡೇ ಇಲ್ಲ, ಕ್ಯಾಪು ನಿಲ್ಲದು. ದಳದ ಆಕಾರದ ಹುಡ್ಡೂ ಬಂತು. ಅದರ ಉದ್ದ ದಳ ಮೇಲೆ ಕೆಳಗೆ ಬರಬೇಕು, ತಗ್ಗು ಮೂಲೆಗೆ ಬರಬೇಕು. ಚಿಕ್ಕಪ್ಪ ಅದನ್ನು ಪೋಲರೈಜರಿಗೆ ಸಿಕ್ಕಿಸಿದರು. ಆಕಾಶ ನೀಲಿ ಮಾಡಲು ಪೋಲರೈಜರ್ ತಿರುಗಿಸಿದಾಗೆಲ್ಲ ದಳವೂ ತಿರುಗಿ ಮೂಲೆಗೆ ಹಾಜರು.

ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ ಒಂದಿದೆ, ಅದಕ್ಕೆ ದುಡ್ಡೂ ಬೇಡ. ಕ್ಯಾಮೆರಾದ ಹಿಂಬಾಗಿಲು ತೆರೆಯಿರಿ. ಅಪರ್ಚರ್ ಕಿರಿದು ಮಾಡಿ, ಶಟರನ್ನು "ಬಿ"ಗೆ (ಒತ್ತಿದಷ್ಟು ಹೊತ್ತೂ ತೆರೆದೇ ಇರುವ ಹಾಗೆ) ಇಟ್ಟು ಒತ್ತಿ ಹಿಡಿಯಿರಿ. ಫಿಲಂ ಕೂರುವ ಕಿಂಡಿಯ ನಾಲ್ಕೂ ಮೂಲೆಯಿಂದ ಲೆನ್ಸಿನೊಳಗೆ ಇಣುಕಿ. ಅಪರ್ಚರಿನ ತೂತು ಇಡಿಯಾಗಿ ಕಂಡರೆ ಕ್ಷೇಮ. ಪಕ್ಕ ಕಚ್ಚಿಹೋದ ಹಾಗೆ ಕಂಡರೆ ಮುಂದೆ ಏನೋ ಅಡ್ಡ ಇದೆ ಅಂತ ಅರ್ಥ.

ಚಿಕ್ಕಪ್ಪ ಇದನ್ನು ಆಫೀಸಿನ ಸ್ನೇಹಿತರೊಬ್ಬರಿಗೆ ಹೇಳಿಕೊಟ್ಟರು. ಅವರು ಮಡಿಕೇರಿಗೆ ಹೋದಾಗ ರಾಜಾ ಸೀಟಿನ ಬಿಸಿಲಲ್ಲಿ ನಿಂತು ನಾಲ್ಕೂ ಮೂಲೆ ಶ್ರದ್ಧೆಯಿಂದ ನೋಡಲು ಹೋದರಂತೆ. ಒಳಗೆ ಅರ್ಧ ತೆಗೆದ ರೋಲು ಇತ್ತು. ಲ್ಯಾಬಿನವರು ಪ್ರಿಂಟ್ ಹಾಕದೆ ನೆಗೆಟಿವ್ ಮಾತ್ರ ಕೊಟ್ಟು ಕಳಿಸಿದರು. ಬೆಳಕು ಕಂಡಷ್ಟೂ ಫಿಲಂ ಒಂದೇ ಸಮ ಕಪ್ಪು. ಅವರು ಅದನ್ನು ತಂದು ಚಿಕ್ಕಪ್ಪನ ಮುಂದೆ ಹಿಡಿದರು. ಚಿಕ್ಕಪ್ಪ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಫ್ರೇಮ್ ನೋಡಿದರು.

"ನೋಡಿ, ಮೂಲೆಗೂ ನಡುವಿಗೂ ಒಂಚೂರೂ ವ್ಯತ್ಯಾಸ ಇಲ್ಲ" ಅಂದರು.