ಮಕ್ಕಳು ಉದ್ದ ಆದರೆ ನನ್ನ ಇನ್‌ಕ್ರಿಮೆಂಟ್ ಗಿಡ್ಡ ಆಗಬೇಕಾ?

ನಾನು ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಪಿಟಿ ಮಿಸ್. ಶಾಲೆಯ ಹೆಸರು ಹೇಳುವುದಿಲ್ಲ, ಕೆಲಸ ಬೇಕಲ್ಲ. ಈ ವರ್ಷ ನಮ್ಮ ಮ್ಯಾನೇಜ್‌ಮೆಂಟಿಗೆ ಹೊಸ ಹುಚ್ಚು ಹತ್ತಿದೆ. ಪಾಠ ಮಾಡುವ ಪ್ರತಿಯೊಬ್ಬರನ್ನೂ 'ಸ್ಟೂಡೆಂಟ್ ಗ್ರೋತ್' ಲೆಕ್ಕದಲ್ಲಿ ಅಳೆಯುತ್ತಾರಂತೆ. ಗಣಿತದವರಿಗೆ ಮಾರ್ಕ್ಸ್ ಇದೆ, ಇಂಗ್ಲಿಷ್‌ನವರಿಗೆ ರೀಡಿಂಗ್ ಲೆವೆಲ್ ಇದೆ. ನನಗೆ? ಮಕ್ಕಳ ಮೈ. ಜೂನ್‌ನಲ್ಲಿ ಒಂದು ಫಿಟ್‌ನೆಸ್ ಟೆಸ್ಟ್, ಫೆಬ್ರವರಿಯಲ್ಲಿ ಇನ್ನೊಂದು. ಅಷ್ಟರಲ್ಲಿ 100ಕ್ಕೆ 70 ಮಕ್ಕಳಾದರೂ ಸುಧಾರಿಸಿರಬೇಕು. ಇಲ್ಲದಿದ್ದರೆ ನನ್ನ ಇನ್‌ಕ್ರಿಮೆಂಟ್ ಅರ್ಧಕ್ಕೆ ಕಟ್.

ಮೊದಲೇ ಹೇಳಿಬಿಡುತ್ತೇನೆ, ಟೆಸ್ಟ್ ಮೇಲೆ ನನಗೆ ಕೋಪ ಇಲ್ಲ. ನಾವು ಬಳಸುವ, ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಟೆಸ್ಟ್‌ಗಳು ಚೆನ್ನಾಗಿಯೇ ಇವೆ. ಚಿಕ್ಕ ಮಕ್ಕಳಿಗೆ ಒಂಟಿಕಾಲಲ್ಲಿ ನಿಲ್ಲುವ ಫ್ಲೆಮಿಂಗೋ ಬ್ಯಾಲೆನ್ಸ್, ಕೈ ಚುರುಕು ನೋಡುವ ಪ್ಲೇಟ್ ಟ್ಯಾಪಿಂಗ್. ಸ್ವಲ್ಪ ದೊಡ್ಡವರಿಗೆ 50 ಮೀಟರ್ ಓಟ, 600 ಮೀಟರ್ ಓಟ ಇಲ್ಲವೇ ನಡಿಗೆ, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವುದು, ಕರ್ಲ್ ಅಪ್, ಪುಷ್ ಅಪ್. ಎಲ್ಲರಿಗೂ ಎತ್ತರ, ತೂಕ, ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಅಂಕಿ. ಯಾವ ಮಗುವಿಗೆ ಎಲ್ಲಿ ಬಲ ಸಾಲದು ಎಂದು ತಿಳಿಯಲು ಇವು ಬೇಕೇ ಬೇಕು. ಆದರೆ ಮಗುವಿಗಾಗಿ ಮಾಡಿದ ಟೆಸ್ಟ್ ಹಿಡಿದುಕೊಂಡು ನನ್ನ ಸಂಬಳ ಅಳೆಯಲು ಬಂದರಲ್ಲ, ಅಲ್ಲಿಂದ ಶುರುವಾಯಿತು ತಲೆನೋವು.

ಬಿಎಂಐ ವಿಷಯವನ್ನೇ ತೆಗೆದುಕೊಳ್ಳಿ. ಆಫೀಸಿನವರು ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದಾರೆ. ಜೂನ್‌ಗಿಂತ ಫೆಬ್ರವರಿಯಲ್ಲಿ ಬಿಎಂಐ ಇಳಿದಿದ್ದರೆ ಹಸಿರು, ಏರಿದ್ದರೆ ಕೆಂಪು. ಅಷ್ಟೇ ಅವರ ವಿಜ್ಞಾನ. ಬೆಳೆಯುವ ಮಕ್ಕಳ ಬಿಎಂಐ ಏರಲೇಬೇಕು ಕಣ್ರೀ! ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ತೆಗೆದು ನೋಡಿ. 10 ವರ್ಷದ ಹುಡುಗರ ನಡುವಿನ ಅಂಕಿ 16.4. 15 ವರ್ಷಕ್ಕೆ ಅದೇ 19.8. ಅಂದರೆ ಚೆನ್ನಾಗಿ ಉಂಡು, ಆಡಿ, ಸರಿಯಾಗಿ ಬೆಳೆಯುತ್ತಿರುವ ಹುಡುಗ ಈ ಶೀಟಿನಲ್ಲಿ ವರ್ಷ ವರ್ಷವೂ ಕೆಂಪು. ಏಳನೇ ಕ್ಲಾಸಿನಲ್ಲಿ ಕಡ್ಡಿಯಂತಿದ್ದ ಒಬ್ಬ ಹುಡುಗಿ ಇದ್ದಾಳೆ. ಬೆಳಿಗ್ಗೆ ಏನೂ ತಿನ್ನದೆ ಬಸ್ ಹತ್ತುತ್ತಿದ್ದಳು. ಪ್ರೇಯರ್ ಲೈನಿನಲ್ಲಿ ತಲೆಸುತ್ತಿ ಕೂತುಬಿಡುತ್ತಿದ್ದಳು. ಅವಳ ಅಮ್ಮನನ್ನು ಕರೆಸಿ ಮಾತಾಡಿದೆ. ಈಗ ತಿಂಡಿ ತಿಂದು ಬರುತ್ತಾಳೆ, ಮೈಕೈ ತುಂಬಿಕೊಂಡಿದ್ದಾಳೆ, ಖೋ ಖೋದಲ್ಲಿ ಯಾರ ಕೈಗೂ ಸಿಗುವುದಿಲ್ಲ. ನನ್ನ ಶೀಟಿನಲ್ಲಿ ಅವಳದ್ದು ಕೆಂಪು ಬಾಕ್ಸ್. ಇದನ್ನು ಕೋಆರ್ಡಿನೇಟರ್‌ಗೆ ಹೇಳಿದರೆ, 'ಮಿಸ್, ಫಾರ್ಮುಲಾ ಲಾಕ್ ಆಗಿದೆ' ಎನ್ನುತ್ತಾರೆ.

ಇನ್ನು ಓಟ. ನಮ್ಮ ಶಾಲೆಗೆ ಮೈದಾನ ಇಲ್ಲ, ಬಾಸ್ಕೆಟ್‌ಬಾಲ್ ಕೋರ್ಟ್ ಇದೆ. ಅಡ್ಮಿಷನ್ ಬ್ರೋಷರಿನಲ್ಲಿ ಅದರ ಫೋಟೋ ಎಷ್ಟು ದೊಡ್ಡದಾಗಿ ಬಂದಿದೆ ಎಂದರೆ, ನಾನೇ ಒಮ್ಮೆ ಬೇರೆ ಶಾಲೆ ಅಂದುಕೊಂಡೆ. ಕೋರ್ಟ್ ಅಂದರೆ 28 ಮೀಟರ್ ಉದ್ದ, 15 ಮೀಟರ್ ಅಗಲ. ಒಂದು ಸುತ್ತಿಗೆ 86 ಮೀಟರ್. 600 ಮೀಟರ್ ಓಡಬೇಕೆಂದರೆ ಏಳು ಸುತ್ತು, 28 ಮೂಲೆ. ಪ್ರತಿ ಮೂಲೆಯಲ್ಲೂ ಬ್ರೇಕ್ ಹಾಕಿ ತಿರುಗಬೇಕು. 50 ಮೀಟರ್ ಓಟಕ್ಕಂತೂ ಜಾಗವೇ ಇಲ್ಲ. ಬಸ್ ನಿಲ್ಲಿಸುವ ಕಡೆ ಡ್ರೈವರ್ ಅಣ್ಣಂದಿರ ಕೈಕಾಲು ಹಿಡಿದು ಎರಡು ಬಸ್ ಸರಿಸಿ ಓಡಿಸುತ್ತೇನೆ. ಜೂನ್ ಟೆಸ್ಟ್ ಬೆಳಿಗ್ಗೆ ತಣ್ಣಗಿರುವಾಗ ಮಾಡಿದ್ದೆ. ಫೆಬ್ರವರಿ ಟೆಸ್ಟನ್ನು ಊಟ ಆದಮೇಲೆ ಮಾಡಿ ಎಂದರು. ಬೆಳಗಿನ ಹೊತ್ತು ರಿವಿಷನ್‌ಗೆ ಬೇಕಂತೆ. ಹೊಟ್ಟೆ ತುಂಬಾ ಅನ್ನ ಸಾರು ಉಂಡ ಮಗು ಸುಡುಬಿಸಿಲಲ್ಲಿ ಏಳು ಸುತ್ತು ಓಡಿ ಜೂನ್‌ಗಿಂತ ಎಂಟು ಸೆಕೆಂಡ್ ಜಾಸ್ತಿ ತೆಗೆದುಕೊಂಡರೆ ತಪ್ಪು ಯಾರದ್ದು? ಪಿಟಿ ಮಿಸ್‌ದು.

ವಯಸ್ಸಿಗೆ ಬರುವ ಮಕ್ಕಳ ಕಥೆ ಇನ್ನೂ ಬೇರೆ. ಹುಡುಗಿಯರು ಸುಮಾರು 12ಕ್ಕೆ, ಹುಡುಗರು 14ಕ್ಕೆ ಸರ್ರನೆ ಉದ್ದ ಆಗುತ್ತಾರೆ. ಹುಡುಗರು ಒಂದೇ ವರ್ಷದಲ್ಲಿ 9 ಸೆಂಟಿಮೀಟರ್, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಬೆಳೆಯುವುದುಂಟು. ಆಗ ಕಾಲು ಉದ್ದ ಆಗುತ್ತದೆ, ಕೂತು ಬಾಗಿದರೆ ಕೈ ಕಾಲ್ಬೆರಳಿಗೆ ಮುಟ್ಟುವುದಿಲ್ಲ. ಹುಡುಗರಿಗೆ ಮೀಸೆ ಚಿಗುರುವ ಹೊತ್ತಿಗೆ ಮಾಂಸಖಂಡ ತಾನಾಗಿಯೇ ಬಲಿಯುತ್ತದೆ, ನಾನು ಸೀಟಿ ಊದದಿದ್ದರೂ ಓಟ ಜೋರಾಗುತ್ತದೆ. ಹುಡುಗಿಯರಲ್ಲಿ ಅದೇ ವಯಸ್ಸಿಗೆ ಓಟದ ಸಮಯ ಎಷ್ಟೋ ಸಲ ನಿಂತಲ್ಲೇ ನಿಲ್ಲುತ್ತದೆ. ಮುಟ್ಟಿನ ನೋವು, ರಕ್ತ ಕಡಿಮೆ, ಎಲ್ಲರೂ ನೋಡುತ್ತಾರೆ ಎಂಬ ಮುಜುಗರ. ಇಷ್ಟೆಲ್ಲ ಇದೆ. ಎಂಟನೇ ಕ್ಲಾಸಿನ ಹುಡುಗರನ್ನು ನೋಡಿಕೊಳ್ಳುವ ನಮ್ಮ ಸರ್‌ಗೆ ಶೀಟ್ ಪೂರ್ತಿ ಹಸಿರು. ಹುಡುಗಿಯರನ್ನು ನೋಡಿಕೊಳ್ಳುವ ನನಗೆ ಪೂರ್ತಿ ಕೆಂಪು. ಸರ್ ಒಳ್ಳೆಯವರು, ಅವರೇ ನಗುತ್ತಾರೆ. ಮಳೆ ಬಂದು ರಾಗಿ ಎದ್ದರೆ ಬೇಲಿ ಕಟ್ಟಿದವನಿಗೆ ಹಾರ ಹಾಕಿದ ಹಾಗಾಯಿತು ಇದು.

ಸರಿ, ಇಷ್ಟೆಲ್ಲ ಬದಲಾವಣೆ ತರಲು ನನಗೆ ಎಷ್ಟು ಹೊತ್ತು ಕೊಟ್ಟಿದ್ದಾರೆ? ಒಂದು ಸೆಕ್ಷನ್‌ಗೆ ವಾರಕ್ಕೆ ಎರಡು ಪೀರಿಯಡ್, ತಲಾ 40 ನಿಮಿಷ. ಮೂರನೇ ಮಹಡಿಯಿಂದ ಲೈನ್ ಮಾಡಿ ಇಳಿಸಬೇಕು, ಶೂ ಲೇಸ್ ಕಟ್ಟಿಸಬೇಕು, ಹಾಜರಿ ತೆಗೆದುಕೊಳ್ಳಬೇಕು, ಮತ್ತೆ ನೀರು ಕುಡಿಸಿ ಮೇಲೆ ಹತ್ತಿಸಬೇಕು. ಉಳಿಯುವುದು ಅರ್ಧ ಗಂಟೆಗಿಂತ ಕಡಿಮೆ. ಅದರಲ್ಲಿ 45 ಮಕ್ಕಳು, ನಾಲ್ಕು ಬಾಲು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂಥ ಆಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ! ನನ್ನ ಕೈಯಲ್ಲಿರುವುದು ವಾರಕ್ಕೆ ಅಷ್ಟು. 9ರಿಂದ 12ನೇ ಕ್ಲಾಸಿಗೆ ದಿನಕ್ಕೊಂದು ಆಟದ ಪೀರಿಯಡ್ ಇರಲಿ ಎಂದು ಸಿಬಿಎಸ್‌ಇ 2018ರಲ್ಲೇ ಹೇಳಿದೆ. ನಮ್ಮ ಟೈಮ್‌ಟೇಬಲ್‌ನಲ್ಲಿ ಅದೂ ಇದೆ. ಗೋಡೆಯ ಮೇಲೆ.

ಆ ಎರಡು ಪೀರಿಯಡ್ಡಾದರೂ ಪೂರ್ತಿ ಸಿಗುತ್ತದಾ ಎಂದರೆ ಅದೂ ಇಲ್ಲ. 'ಮಿಸ್, ಇವತ್ತೊಂದಿನ ಪೀರಿಯಡ್ ಕೊಡ್ತೀರಾ? ಪೋರ್ಷನ್ ಉಳಿದಿದೆ' ಎಂದು ಮ್ಯಾತ್ಸ್ ಮಿಸ್ ಬರುತ್ತಾರೆ. ಮಾರನೇ ದಿನ ಸೈನ್ಸ್ ಸರ್. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದರೆ ಕೇಳುವುದೂ ಇಲ್ಲ, ನಾನು ಹೋಗುವಷ್ಟರಲ್ಲಿ ಬೋರ್ಡ್ ತುಂಬಾ ಆಲ್ಜೀಬ್ರಾ ಇರುತ್ತದೆ. ಮಕ್ಕಳು ಕಿಟಕಿಯಿಂದ ನನ್ನ ಮುಖ ನೋಡುತ್ತವೆ. ನಾನು ಯಾವತ್ತಾದರೂ ಹೋಗಿ 'ಮಿಸ್, ಇವತ್ತು ಮ್ಯಾತ್ಸ್ ಬಿಡಿ, ಕಬಡ್ಡಿಯ ಪೋರ್ಷನ್ ಉಳಿದಿದೆ' ಎಂದರೆ ಹೇಗಿರುತ್ತದೆ? ನವೆಂಬರ್, ಡಿಸೆಂಬರ್ ಬಂದರೆ ನನ್ನ ಕೆಲಸ ಆನ್ಯುಯಲ್ ಡೇ. ಸ್ಟೇಜ್, ಕುರ್ಚಿ, ಸೌಂಡ್‌ನವರು, ಮಾರ್ಚ್ ಪಾಸ್ಟ್. ಬಸ್ ಡ್ಯೂಟಿ ವರ್ಷಪೂರ್ತಿ. ಯಾರಾದರೂ ಗಲಾಟೆ ಮಾಡಿದರೆ 'ಪಿಟಿ ಮಿಸ್‌ನ ಕರೀರಿ'. ಇಷ್ಟೆಲ್ಲ ಮಾಡಿದ್ದಕ್ಕೆ ಯಾವ ಶೀಟಿನಲ್ಲೂ ಬಾಕ್ಸ್ ಇಲ್ಲ.

ಈ ಲೆಕ್ಕಕ್ಕೆ ಮೋಸದ ದಾರಿಗಳೂ ಸುಲಭ. ಬೇರೆ ಶಾಲೆಯ ಗೆಳತಿಯೊಬ್ಬಳು ಉಪಾಯ ಹೇಳಿಕೊಟ್ಟಳು. ಜೂನ್‌ನಲ್ಲಿ ಏನೂ ಹೇಳಿಕೊಡಬೇಡ, ಅಭ್ಯಾಸ ಇಲ್ಲದೆ ಓಡಿಸು, ಬೇಕಾದರೆ 'ಮೆಲ್ಲಗೆ ಓಡಿ, ಸುಸ್ತಾಗಬೇಡಿ' ಅನ್ನು. ಫೆಬ್ರವರಿಗೆ ಮುಂಚೆ ಎರಡು ವಾರ ಬರೀ ಆ ಟೆಸ್ಟ್‌ಗಳನ್ನೇ ಮಾಡಿಸು. ಗ್ರೋತ್ ತಾನಾಗಿ ಬರುತ್ತದೆ. ಬರುತ್ತದೆ, ನನಗೂ ಗೊತ್ತು. ಆದರೆ ಆಗ ಲಗೋರಿ ಇಲ್ಲ, ಥ್ರೋಬಾಲ್ ಇಲ್ಲ, ವರ್ಷಪೂರ್ತಿ ಕಾಲು ಚಾಚಿ ಕೂತು ಬಾಗುವುದೊಂದೇ. ಮೊದಲ ಟೆಸ್ಟಿನಲ್ಲೇ ಚೆನ್ನಾಗಿ ಓಡಿದ ಮಕ್ಕಳಿಂದ ನನಗೆ ನಷ್ಟ. ತಾಲ್ಲೂಕು ಮಟ್ಟದಲ್ಲಿ ಓಡಿ ಬಂದ ಹುಡುಗಿ ಇನ್ನೆಷ್ಟು ಸುಧಾರಿಸಬೇಕು? ಅವಳನ್ನು ನೋಡಿದರೆ ಖುಷಿಪಡಬೇಕಾದ ನಾನು, ಅಯ್ಯೋ ಇವಳಿಂದ ಒಂದು ಬಾಕ್ಸ್ ಹೋಯಿತು ಎಂದು ಲೆಕ್ಕ ಹಾಕುವಂತೆ ಮಾಡಿದ್ದಾರಲ್ಲ, ಅದಕ್ಕೆ ಮೈ ಉರಿಯುತ್ತದೆ.

ಹೆಲ್ತ್ ಪಾಠವೂ ನನ್ನ ತಲೆಗೇ ಕಟ್ಟಿದ್ದಾರೆ. ಅದರ ಗ್ರೋತ್ ಅಳೆಯಲು ಒಂದು ಆಬ್ಜೆಕ್ಟಿವ್ ಪೇಪರ್. 'ಜಂಕ್ ಫುಡ್ ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ?' ಎಲ್ಲರೂ ಕೆಟ್ಟದ್ದು ಎಂದು ಟಿಕ್ ಹಾಕುತ್ತಾರೆ. ಪೇಪರ್ ಕೊಟ್ಟು ನೇರ ಕ್ಯಾಂಟೀನ್‌ಗೆ ಓಡಿ ಚಿಪ್ಸ್, ಕೂಲ್‌ಡ್ರಿಂಕ್ ತಗೊಳ್ಳುತ್ತಾರೆ. ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿಯನ್ನು ಶಾಲೆಯೊಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಕ್ಯಾಂಟೀನ್ ಕಾಂಟ್ರಾಕ್ಟ್ ಕೊಟ್ಟವರು ಯಾರು? ಮ್ಯಾನೇಜ್‌ಮೆಂಟ್. ಅಲ್ಲಿ ತಿಂದು ಏರಿದ ತೂಕಕ್ಕೆ ಉತ್ತರ ಕೊಡಬೇಕಾದವಳು? ನಾನು.

ಅಂದಹಾಗೆ ಮಕ್ಕಳ ಗ್ರೋತ್‌ನಿಂದ ಟೀಚರ್‌ಗಳನ್ನು ಅಳೆಯುವ ಈ ಐಡಿಯಾ ಅಮೆರಿಕದ್ದು. ಟ್ರೈನಿಂಗ್ ಮಾಡಲು ಬಂದಿದ್ದ ಕನ್ಸಲ್ಟೆಂಟ್ ಹೆಮ್ಮೆಯಿಂದ ಹೇಳಿದರು. ಆಮೇಲೆ ಅಲ್ಲಿ ಏನಾಯಿತು ಎಂಬುದನ್ನು ಮಾತ್ರ ಹೇಳಲಿಲ್ಲ. ಒಬಾಮಾ ಸರ್ಕಾರ 2009ರಲ್ಲಿ 'ರೇಸ್ ಟು ದ ಟಾಪ್' ಎಂದು 435 ಕೋಟಿ ಡಾಲರ್ ಇಟ್ಟು, ಮಕ್ಕಳ ಗ್ರೋತ್ ಮೇಲೆ ಟೀಚರ್‌ಗಳನ್ನು ಅಳೆಯಿರಿ ಎಂದು ರಾಜ್ಯಗಳಿಗೆ ಆಸೆ ತೋರಿಸಿತು. ಪಿಟಿ, ಸಂಗೀತ, ಡ್ರಾಯಿಂಗ್‌ಗೆ ಪರೀಕ್ಷೆ ಎಲ್ಲಿಂದ ತರುವುದು? ಕೆಲವು ಕಡೆ ಇಡೀ ಶಾಲೆಯ ಗಣಿತದ ಅಂಕವನ್ನೇ ಅವರಿಗೂ ಹಚ್ಚಿದರು. ನಾವು ಪಾಠವೇ ಮಾಡದ ಮಕ್ಕಳ ಅಂಕ ನಮ್ಮ ಮೇಲೆ ಹೇರಬೇಡಿ ಎಂದು ಫ್ಲೋರಿಡಾದ ಟೀಚರ್‌ಗಳು 2013ರಲ್ಲಿ ಕೋರ್ಟ್ ಹತ್ತಿದರು. ಮಕ್ಕಳ ಅಂಕಗಳ ಏರುಪೇರಿನಲ್ಲಿ ಟೀಚರ್ ಪಾಲು ಶೇಕಡಾ 1ರಿಂದ 14 ಅಷ್ಟೇ ಎಂದು ಹೆಚ್ಚಿನ ಅಧ್ಯಯನಗಳು ತೋರಿಸುತ್ತವೆ ಎಂದು ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಹೇಳಿತು. 2015ರ ಕೊನೆಗೆ ಬಂದ ಹೊಸ ಕಾನೂನು, ಟೀಚರ್‌ಗಳನ್ನು ಹೀಗೇ ಅಳೆಯಿರಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಅಪ್ಪಣೆ ಮಾಡುವಂತಿಲ್ಲ ಎಂದಿತು. ಅಲ್ಲಿ ಶಾಲೆಗಳಲ್ಲಿ ಬಳಸುವ ಫಿಟ್‌ನೆಸ್‌ಗ್ರಾಂ ಟೆಸ್ಟ್ ಇದೆಯಲ್ಲ, ಅದನ್ನು ಮಾಡಿದವರೇ ಇದರಿಂದ ಟೀಚರ್‌ಗಳಿಗೆ ಮಾರ್ಕ್ಸ್ ಹಾಕಬೇಡಿ ಎನ್ನುತ್ತಾರೆ. ಅವರು ಕೈ ಸುಟ್ಟುಕೊಂಡು ಬಿಟ್ಟಿದ್ದನ್ನು ನಾವು ಫೀಸ್ ಕೊಟ್ಟು ತಂದಿದ್ದೇವೆ.

ನನ್ನನ್ನು ಅಳೆಯಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಬಾಲು ಕೊಟ್ಟು ಮರದ ಕೆಳಗೆ ಫೋನ್ ನೋಡುತ್ತಾ ಕೂರುವ ಪಿಟಿ ಟೀಚರ್‌ಗಳೂ ಇದ್ದಾರೆ, ಅವರಿಂದಲೇ ನಮ್ಮೆಲ್ಲರ ಮರ್ಯಾದೆ ಹೋಗುತ್ತಿರುವುದು. ಬನ್ನಿ, ಕೋರ್ಟಿನ ಪಕ್ಕ ನಿಂತು ನನ್ನ ಕ್ಲಾಸ್ ನೋಡಿ. 45ರಲ್ಲಿ ಎಷ್ಟು ಮಕ್ಕಳು ಓಡುತ್ತಿದ್ದಾರೆ, ಎಷ್ಟು ಜನ ಸುಮ್ನೆ ನಿಂತಿದ್ದಾರೆ ಎಂದು ಎಣಿಸಿ. ಜೂನ್‌ನಲ್ಲಿ ಬಾಲ್ ಹಿಡಿಯಲು ಬಾರದವನು ಈಗ ಹಿಡಿಯುತ್ತಾನಾ ನೋಡಿ. ದಪ್ಪಗಿದ್ದೇನೆ ಎಂದು ಮೂಲೆ ಸೇರುತ್ತಿದ್ದವನನ್ನು ಟೀಮಿಗೆ ಯಾರಾದರೂ ಕರೆಯುತ್ತಾರಾ ನೋಡಿ. ಹೇಳಿಕೊಟ್ಟ ವಿದ್ಯೆ ಬಂತೋ ಇಲ್ಲವೋ ಎಂದು ಕೇಳಿದರೆ ನಾನು ಉತ್ತರ ಕೊಡುತ್ತೇನೆ. ಅದನ್ನು ನೋಡಲು ಇಡೀ ವರ್ಷದಲ್ಲಿ ಒಬ್ಬರೂ ಕೆಳಗಿಳಿದು ಬರಲಿಲ್ಲ. ಬಿಸಿಲಂತೆ.

ಮುಂದಿನ ವಾರ ಅಪ್ರೈಸಲ್ ಮೀಟಿಂಗ್ ಇದೆ. ಫಾರಂನ ಕೊನೆಯಲ್ಲಿ 'ಗುರಿ ತಲುಪದಿದ್ದರೆ ಕಾರಣ ಬರೆಯಿರಿ' ಎಂಬ ಬಾಕ್ಸ್ ಇದೆ, ಎರಡೇ ಗೆರೆ. ನಾನು ಬೇರೆ ಹಾಳೆ ಅಂಟಿಸುತ್ತಿದ್ದೇನೆ. ಯಾವ ತಾರೀಖು, ಯಾವ ಸೆಕ್ಷನ್, ಯಾರು ನನ್ನ ಪೀರಿಯಡ್ ತೆಗೆದುಕೊಂಡರು, ಎಲ್ಲ ನನ್ನ ಡೈರಿಯಲ್ಲಿದೆ. ಮ್ಯಾತ್ಸ್ ಮಿಸ್ ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಅವರ ಗ್ರೋತ್ ಶೀಟ್ ಹಸಿರಾಗಿದ್ದರೆ ಅದರಲ್ಲಿ ನನ್ನ ಪೀರಿಯಡ್‌ಗಳ ಪಾಲೂ ಇದೆ, ಇನ್‌ಕ್ರಿಮೆಂಟ್ ಹಂಚಿಕೊಡಿ ಎಂದು ಕೇಳಿಯೇ ಬಿಡುತ್ತೇನೆ.