ಬಿಟ್ಟು ಹೋದವರ ಮನೆಗೆ ಯಾರು ಹೋಗಬೇಕು?

ಸೆಪ್ಟೆಂಬರಿನಲ್ಲಿ ಊರಿಗೆ ಹೋದಾಗ ಅಪ್ಪಯ್ಯನ ಜೊತೆ ಸಂಘದ ಸರ್ವಸದಸ್ಯರ ಸಭೆಗೆ ಹೋಗಿದ್ದೆ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಸಹಕಾರ ಸಂಘ, ಹೆಸರು ಬೇಡ. ವರದಿ ಓದಿದ್ದಾಯಿತು, ಜಮಾಖರ್ಚು ಮಂಜೂರಾಯಿತು. ಆಮೇಲೆ ಅಧ್ಯಕ್ಷರು ಮೈಕ್ ಹಿಡಿದು, ಈ ವರ್ಷ ಸಂಘಕ್ಕೆ ಅಡಿಕೆ ಕಡಿಮೆ ಬಂದಿದೆ, ಹೊರಗಿನವರಿಗೆ ಅಡಿಕೆ ಕೊಡುವವರು ಉಂಡ ಮನೆಗೆ ಎರಡು ಬಗೆದ ಹಾಗೆ ಅಂದರು. ಚಪ್ಪಾಳೆಯೂ ಬಿತ್ತು. ಪಕ್ಕದಲ್ಲಿ ಕೂತಿದ್ದ ಅಪ್ಪಯ್ಯ ತಲೆ ತಗ್ಗಿಸಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು. 41 ವರ್ಷದ ಸದಸ್ಯರು ಅವರು. 3 ವರ್ಷದಿಂದ ನಮ್ಮ ತೋಟ ಚೇಣಿಗೆ, ಅಂದರೆ ಫಸಲು ಮರದಲ್ಲಿರುವಾಗಲೇ ಹೊರಗಿನ ವ್ಯಾಪಾರಿಗೆ, ಹೋಗುತ್ತಿದೆ.

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಅಪ್ಪಯ್ಯ ಚೇಣಿಗೆ ಕೊಟ್ಟಿದ್ದು ಎರಡು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಅಲ್ಲ. ನಾನು ಚಿಕ್ಕವನಿದ್ದಾಗ ಕೊಯ್ಲು ಅಂದರೆ ರಾತ್ರಿ ಹನ್ನೊಂದರವರೆಗೂ ಅಂಗಳದಲ್ಲಿ ಜನ. ಮೆಟ್ಟುಗತ್ತಿಯ ಮೇಲೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಸುಲಿಯೋರು, ಅತ್ತ ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯೋದು, ಬೆಳಗಾದರೆ ಚಪ್ಪರದ ಮೇಲೆ ಹರಡೋದು. ಈಗ ಆ ಮನೆಗಳ ಮಕ್ಕಳೆಲ್ಲ ಶಿವಮೊಗ್ಗ, ಬೆಂಗಳೂರು. ಮರ ಹತ್ತಿ ಅಡಿಕೆ ಕೊನೆ ತೆಗೆಯುವವನು ಸಿಗಬೇಕಾದರೆ ಹದಿನೈದು ದಿನ ಮುಂಚೆ ಹೇಳಬೇಕು, ಹೇಳಿದರೂ ಬಂದರೆ ಬಂದ. ಅಮ್ಮನಿಗೆ ಮಂಡಿನೋವು. ಚೇಣಿಯವನು ಬಂದ, ತೋಟ ಸುತ್ತಿದ, ಮುಂಗಡ ಕೊಟ್ಟ, ತನ್ನದೇ ಆಳು ತಂದು ಕೊಯ್ದ, ಹಸಿ ಅಡಿಕೆಯನ್ನೇ ತೂಕ ಹಾಕಿ ಗಾಡಿಗೆ ತುಂಬಿಕೊಂಡು ಹೋದ. ಸುಲಿಯೋದು, ಬೇಯಿಸೋದು, ಒಣಗಿಸೋದು, ಮಧ್ಯ ಮಳೆ ಬಂದರೆ ಓಡಿಹೋಗಿ ಟಾರ್ಪಾಲು ಮುಚ್ಚೋದು, ಎಲ್ಲ ಅವನ ತಲೆನೋವು. ನಮ್ಮ ಸಂಘ ಮಾತ್ರ ಇವತ್ತಿಗೂ ಒಣಗಿಸಿ, ರಾಶಿ, ಬೆಟ್ಟೆ ಅಂತ ದರ್ಜೆ ಬೇರೆ ಬೇರೆ ಮಾಡಿ, ಚೀಲ ಹೊಲಿದು ತಂದರೆ ಮಾತ್ರ ತಗೊಳ್ಳುತ್ತೆ. ಚೇಣಿಯವನು ಗೆದ್ದಿದ್ದು ದರದಲ್ಲಿ ಅಲ್ಲ, ಆ ಕೆಲಸ ಹೊತ್ತುಕೊಂಡಿದ್ದರಲ್ಲಿ. ಇದು ಗೊತ್ತಾಗಬೇಕಾದರೆ ಯಾರಾದರೂ ಒಬ್ಬರು ನಮ್ಮ ಮನೆ ಜಗಲಿಗೆ ಬಂದು ಕೂರಬೇಕಿತ್ತು, ಅಲ್ವಾ? 3 ವರ್ಷದಲ್ಲಿ ಯಾರೂ ಬಂದಿಲ್ಲ.

ನಾನಿರುವುದು ಗುಜರಾತಿನ ಆನಂದ್‌ನಲ್ಲಿ, 14 ವರ್ಷವಾಯಿತು. ಹಾಲಿನ ಫ್ಯಾಟ್ ನೋಡುವ ಮಿಷನ್ ರಿಪೇರಿ ನನ್ನ ಕೆಲಸ. ಹಾಗಾಗಿ ಹಳ್ಳಿ ಹಳ್ಳಿಯ ದೂಧ್ ಮಂಡಳಿಗಳಲ್ಲಿ, ಅಂದರೆ ಹಾಲಿನ ಸಹಕಾರ ಸಂಘಗಳಲ್ಲಿ, ಬೆಳಗಿನ ಹೊತ್ತು ಕಳೆಯುತ್ತೇನೆ. ಕಳೆದ ಚಳಿಗಾಲದಲ್ಲಿ ಒಂದು ಮಂಡಳಿಯಲ್ಲಿ ಮಿಷನ್ ಬಿಚ್ಚಿಕೊಂಡು ಕೂತಿದ್ದೆ. ಅಲ್ಲಿನ ಕಾರ್ಯದರ್ಶಿ, ಅವರನ್ನು ಅಲ್ಲಿ ಮಂತ್ರಿ ಅಂತಾರೆ, ಒಂದು ನೋಟ್‌ಬುಕ್ಕಿನಲ್ಲಿ ಏನೋ ಗುರುತು ಹಾಕುತ್ತಿದ್ದರು. ಕೇಳಿದೆ. ಎರಡು ವಾರದಿಂದ ಹಾಲು ತರದ ಮನೆಗಳು ಅಂದರು. 7 ಮನೆ. ಪಕ್ಕದ ರಸ್ತೆಗೆ ಒಂದು ಖಾಸಗಿ ಡೈರಿಯ ವ್ಯಾನ್ ಬರೋಕೆ ಶುರುವಾಗಿತ್ತು. ಮಂತ್ರಿ ಮತ್ತು ಅಧ್ಯಕ್ಷರು ಸಂಜೆ ಅಷ್ಟೂ ಮನೆಗೆ ಹೋಗಿ ಚಹಾ ಕುಡಿದು ಬಂದರಂತೆ. ಬಹಳ ಮನೆಗಳಲ್ಲಿ ಒಂದೇ ಉತ್ತರ: ಮಗನಿಗೆ ಆರು ಗಂಟೆಗೆ ಫ್ಯಾಕ್ಟರಿ ಶಿಫ್ಟು, ಮಂಡಳಿ ಬಾಗಿಲು ತೆಗೆಯೋದು ಆರೂವರೆಗೆ, ವ್ಯಾನಿನವನು ಐದೂವರೆಗೇ ಗೇಟಿಗೆ ಬರ್ತಾನೆ. ದರದ ಮಾತನ್ನು ಯಾರೂ ಎತ್ತಲೇ ಇಲ್ಲ. ಮುಂದಿನ ಸೋಮವಾರದಿಂದ ಮಂಡಳಿ ಐದೂಕಾಲಿಗೆ ತೆರೆಯಿತು. 5 ಮನೆ ವಾಪಸ್ ಬಂತು. ಉಳಿದ 2 ಮನೆಯವರು ಎಮ್ಮೆ ಕೊಳ್ಳಲು ಖಾಸಗಿಯವನಿಂದ ಮುಂಗಡ ತಗೊಂಡು ಸಿಕ್ಕಿಕೊಂಡಿದ್ದರು. ಸಾಲದ ವಿಷಯವನ್ನು ಸಮಿತಿಯ ಮುಂದೆ ಇಟ್ಟರು. ಹೋದವರನ್ನು ಯಾರೂ ಬೈಯಲಿಲ್ಲ.

ನಾಯಕ ಅನ್ನಿಸಿಕೊಂಡವನು ಪೈಪೋಟಿಯನ್ನು ಎದುರಿಸುವುದು ಅಂದರೆ ಇದೇ ಅಂತ ನನಗೆ ಅವತ್ತು ಅನ್ನಿಸಿತು. ಮೈಕಲ್ ಪೋರ್ಟರ್ ಅನ್ನುವ ಹಾರ್ವರ್ಡಿನ ಮೇಷ್ಟ್ರು 1979ರಲ್ಲೇ ಬರೆದಿದ್ದರು: ಎದುರಂಗಡಿಯವನು ಒಬ್ಬನೇ ಸ್ಪರ್ಧಿ ಅಲ್ಲ, ಕೊಳ್ಳುವ ಗಿರಾಕಿ, ಮಾಲು ಕೊಡುವವನು, ಹೊಸದಾಗಿ ಕಾಲಿಡುವವನು, ನಿಮ್ಮ ವಸ್ತುವಿನ ಜಾಗಕ್ಕೆ ಬರುವ ಬೇರೆ ವಸ್ತು, ಇವರೆಲ್ಲ ನಿಮ್ಮ ಲಾಭವನ್ನು ಒಂದೊಂದು ಕಡೆಯಿಂದ ಎಳೆಯುತ್ತಾರೆ ಅಂತ. ಸಹಕಾರ ಸಂಘದಲ್ಲಿ ಮಾಲು ಕೊಡುವವನೇ ಸಂಘದ ಯಜಮಾನ. ಎಡವೋದು ಅಲ್ಲೇ. ಅವನು ಎಲ್ಲಿಗೂ ಹೋಗಲ್ಲ ಅಂದುಕೊಂಡು ನಮ್ಮ ಮುಖಂಡರು ಕೂತಿರುತ್ತಾರೆ.

ಆನಂದ್‌ನವರಿಗೆ ಈ ಪಾಠ ಹೊಸದಲ್ಲ. ಪೋಲ್ಸನ್ ಕಂಪನಿ ಒಂದೇ ಹಾಲು ಕೊಳ್ಳುತ್ತಿದ್ದ ಕಾಲದಲ್ಲಿ, 1946ರಲ್ಲಿ, ಅಲ್ಲಿನ ರೈತರು 15 ದಿನ ಹಾಲು ಕೊಡದೆ ಮುಷ್ಕರ ಹೂಡಿ ಸ್ವಂತ ಸಂಘ ಕಟ್ಟಿದರು, ಅದೇ ಮುಂದೆ ಅಮುಲ್ ಆಯಿತು. ಅದರ ಮೊದಲ ಅಧ್ಯಕ್ಷ ತ್ರಿಭುವನ್‌ದಾಸ್ ಪಟೇಲರು ಹಳ್ಳಿ ಹಳ್ಳಿ ನಡೆದರು. ಚಳಿಗಾಲದಲ್ಲಿ ಹಾಲು ಜಾಸ್ತಿಯಾಗಿ ಕೊಳ್ಳುವವರೇ ಇಲ್ಲದಾಗ ಎಮ್ಮೆ ಹಾಲನ್ನು ಪುಡಿ ಮಾಡುವ ಕಾರ್ಖಾನೆ 1955ರಲ್ಲಿ ಬಂತು. ಎಮ್ಮೆ ಹಾಲಿನಿಂದ ಪುಡಿ ಆಗೋದೇ ಇಲ್ಲ ಅಂತ ಹೊರದೇಶದ ತಜ್ಞರು ಹೇಳಿದ್ದನ್ನು ಸಂಘದ ಡೈರಿ ತಜ್ಞ ದಲಾಯಾ ಅವರು ಸುಳ್ಳು ಮಾಡಿದರು. ನನಗೆ ಜಾಸ್ತಿ ಹಿಡಿಸುವುದು ಬೆಣ್ಣೆಯ ಕಥೆ. ಅಮುಲ್‌ನ ತಾಜಾ ಬೆಣ್ಣೆ ಬೆಳ್ಳಗೆ, ಸಪ್ಪೆ. ಮುಂಬೈ ಜನರ ನಾಲಿಗೆಗೆ ಪೋಲ್ಸನ್‌ನ ಉಪ್ಪು ಬೆಣ್ಣೆ ಅಂಟಿಕೊಂಡಿತ್ತು. ನಮ್ಮದೇ ಶುದ್ಧ, ನೀವು ಕಲಿತುಕೊಳ್ಳಿ ಅಂತ ಸಂಘದ ಮ್ಯಾನೇಜರ್ ಆಗಿದ್ದ ಕುರಿಯನ್ ಹಟ ಹಿಡಿಯಲಿಲ್ಲ. ಉಪ್ಪು ಹಾಕಿದರು, ಬಣ್ಣ ಹಾಕಿದರು. ಗಿರಾಕಿಯ ನಾಲಿಗೆಗೆ ಮರ್ಯಾದೆ ಕೊಟ್ಟರು.

ನಮ್ಮ ಸಭೆಯಲ್ಲಿ ಏನಾಯಿತು ಗೊತ್ತಾ? ಮುಕ್ಕಾಲು ಗಂಟೆ ಭೂತಾನ್. 2022ರಲ್ಲಿ ಅಲ್ಲಿಂದ 17,000 ಟನ್ ಹಸಿ ಅಡಿಕೆಗೆ ಕೇಂದ್ರ ಸರ್ಕಾರ ದಾರಿ ಬಿಟ್ಟಿದ್ದು, ಮರುವರ್ಷ ಆಮದಿನ ಕನಿಷ್ಠ ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದ್ದು, ಇನ್ನೂ ಏರಿಸಿ ಅಂತ ನಿಯೋಗ ಹೋಗಬೇಕಾದದ್ದು. ಎಲೆಚುಕ್ಕಿ ರೋಗಕ್ಕೆ ಐದು ನಿಮಿಷ. ಆಳಿನ ತಾಪತ್ರಯಕ್ಕೆ, ಮುದುಕರೇ ಉಳಿದಿರುವ ಮನೆಗಳಿಗೆ, ಚೇಣಿಗೆ ಒಂದು ನಿಮಿಷವೂ ಇಲ್ಲ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, ಸಂಘದಿಂದಲೇ ಹಸಿ ಅಡಿಕೆ ತಗೊಂಡು ಒಂದು ಕಡೆ ಸುಲಿಯುವ ಮಿಷನ್ ಹಾಕಬಹುದಲ್ಲ ಸರ್ ಅಂದ. ಬೈಲಾದಲ್ಲಿ ನೋಡಬೇಕು, ಮುಂದಿನ ಸಭೆಗೆ ಬರೆದು ಕೊಡಿ ಅಂದರು. ಊಟಕ್ಕೆ ಹೊತ್ತಾಗಿತ್ತು. ನನಗೆ ಸಿಟ್ಟು ಬಂದಿದ್ದು ಆಗ.

ಹಾಗಂತ ಆಮದು ಬೆಲೆಯ ಹೋರಾಟ ಸುಮ್ನೆ ಅಂತ ನಾನು ಹೇಳಲ್ಲ. ಆ ತಡೆ ಇಲ್ಲದಿದ್ದರೆ ನಮ್ಮ ರಾಶಿಯ ದರ ಎಲ್ಲಿರುತ್ತಿತ್ತೋ. ಹಾಲಿಗೂ ಅಡಿಕೆಗೂ ವ್ಯತ್ಯಾಸ ಇದೆ ಅನ್ನೋದೂ ನಿಜ. ಹಾಲು ಸಂಜೆಯೊಳಗೆ ಒಡೆಯುತ್ತೆ, ಹಾಗಾಗಿ ಅಲ್ಲಿ ಯಾರು ಬಿಟ್ಟರು ಅಂತ ದಿನದಿನಕ್ಕೆ ಗೊತ್ತಾಗುತ್ತೆ. ಅಡಿಕೆಯನ್ನು ವರ್ಷಗಟ್ಟಲೆ ಚೀಲದಲ್ಲಿ ಇಡಬಹುದು; ಬಿಟ್ಟು ಹೋದವರ ಲೆಕ್ಕ ಸಿಗುವಾಗ ಮುಂದಿನ ಕೊಯ್ಲು ಬಂದಿರುತ್ತೆ. 2023ರಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತೆ ಅಂದಾಗ ಗೆಳೆಯರೆಲ್ಲ ನನಗೆ ವಾಟ್ಸ್ಆ್ಯಪ್‌ನಲ್ಲಿ ಬೈದಿದ್ದರು, ನಾನೂ ನಂದಿನಿ ಪರವೇ ಇದ್ದೆ. ಮರುವರ್ಷ ನವೆಂಬರಿನಲ್ಲಿ ನಂದಿನಿಯೇ ದೆಹಲಿ ಮಾರುಕಟ್ಟೆಗೆ ಹೋಯಿತಲ್ಲ, ಅವತ್ತು ಮಂಡಳಿಯವರಿಗೆಲ್ಲ ಪೇಡಾ ಹಂಚಿದೆ.

ಘಟ್ಟದ ಕೆಳಗಿನವರ ವಿಷಯವನ್ನೂ ಹೇಳಲೇಬೇಕು. ಅಡಿಕೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಅಡಿಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೋ ಕಟ್ಟಿದರು. ಕೊಕ್ಕೋ ಕೊಳ್ಳುವವರು ಹಿಂದೆ ಸರಿದಾಗ ಕ್ಯಾಂಪ್ಕೋ ತಾನೇ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಶುರು ಮಾಡಿತು. ಅಡಿಕೆ ತೋಟದವರು ಚಾಕೊಲೇಟ್ ಮಾಡಿದರು! ಆನಂದ್‌ನವರಿಗೆ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮವರಿಗೆ ಇದು ಬರೋದಿಲ್ಲ ಅಂತ ಅಲ್ಲ. ನಮ್ಮವರೇ ಮಾಡಿ ತೋರಿಸಿದ್ದನ್ನು ನಮ್ಮೂರಿನ ಸಂಘ ಮರೆತು ಕೂತಿದೆ ಅನ್ನೋದೇ ನನ್ನ ಸಂಕಟ.

ಮೊನ್ನೆ ಫೋನ್ ಮಾಡಿದಾಗ ಚೇಣಿಯವನು ಈ ಸಲವೂ ಮುಂಗಡ ಕೊಟ್ಟು ಹೋದ ಅಂದರು ಅಪ್ಪಯ್ಯ.

"ಸಂಘದವರು ಯಾರಾದ್ರೂ ಬಂದಿದ್ರೆ ಎಂತ ಹೇಳ್ತಿದ್ರಿ ಅಪ್ಪಯ್ಯ?"

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸುಲಿಯೋದೊಂದು ನೀವು ಮಾಡಿಕೊಡಿ, ಉಳಿದಿದ್ದು ಹೇಗೋ ನಾ ನೋಡ್ಕೊಳ್ತೀನಿ ಅಂತಿದ್ದೆ ಮಾರಾಯ" ಅಂದರು.